ಹಿತ್ತಲ ಕೊಳದ ಹಸಿರು

ಹಿತ್ತಲಲ್ಲಿ ಹೊಂಡ ತೋಡಿ ಮೀನು ಸಾಕುವವರಿಗೆ ಬೇಸಿಗೆ ತರುವ ಮೊದಲ ಚಿಂತೆ ಪಾಚಿಯದು. ತಿಳಿಯಾಗಿದ್ದ ನೀರು ಕೆಲವೇ ದಿನಗಳಲ್ಲಿ ಹಸಿರು ಗಂಜಿಯಂತಾಗುತ್ತದೆ. ಮೈಲುತುತ್ತ ತಂದು ಸುರಿದುಬಿಡೋಣವೆಂಬ ಆತುರ ಆಗ ಸಹಜ. ಆದರೆ ಪಾಚಿಯನ್ನು ಕೊಲ್ಲುವ ಮೊದಲು ಅದು ಬಂದ ದಾರಿಯನ್ನು ಅರಿಯುವುದು ಲೇಸು.

ಸಿಂಧನೂರಿನ ಸೀಮೆಯನ್ನೇ ನೋಡೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಬಳಿಕ ಎಡದಂಡೆ ಕಾಲುವೆಯ ನೀರುಂಡು ಭತ್ತದ ನಾಡಾದ ಪ್ರದೇಶವಿದು. ಗದ್ದೆಗೆ ಹಾಕಿದ ಗೊಬ್ಬರದ ಒಂದು ಪಾಲು ಬಸಿನೀರಿನೊಡನೆ ತಗ್ಗಿನ ಹೊಂಡಗಳಿಗೆ ಇಳಿಯುತ್ತದೆ. ಮಸ್ಕಿ, ಲಿಂಗಸುಗೂರುಗಳ ಮಳೆಯಾಶ್ರಿತ ಹೊಲಗಳಲ್ಲಿಯಾದರೆ ಹರಿದು ಬರುವ ಮಳೆನೀರೇ ಮಣ್ಣಿನ ಸಾರವನ್ನು ಹೊತ್ತು ತರುತ್ತದೆ. ಪೈರಿಗೆ ಬೇಕಾದ ಸಾರಜನಕ, ರಂಜಕಗಳೇ ಪಾಚಿಗೂ ಆಹಾರ. ಇದರ ಮೇಲೆ ನಾವು ಹಾಕುವ ಸಗಣಿ, ತೌಡು, ಹಿಂಡಿ. ಬೇಸಿಗೆಯಲ್ಲಿ ಕಾಲುವೆ ನಿಂತು ನೀರು ತಗ್ಗಿದಾಗ ಈ ಸಾರವೆಲ್ಲ ಸ್ವಲ್ಪವೇ ನೀರಿನಲ್ಲಿ ದಟ್ಟೈಸುತ್ತದೆ; ಬಿಸಿಲು ತಳದವರೆಗೂ ಇಳಿಯುತ್ತದೆ. ಪಾಚಿಗೆ ಅದೇ ಸುಗ್ಗಿ.

ಹಾಗೆಂದು ಹಸಿರೆಲ್ಲವೂ ಕೆಡುಕಲ್ಲ. ಕಣ್ಣಿಗೆ ಬಿಡಿಯಾಗಿ ಕಾಣದ ತೇಲುಪಾಚಿಯೇ ಮೀನಿನ ಅನ್ನದ ಮೂಲ. ಮೊಣಕೈವರೆಗೆ ತೋಳನ್ನು ನೀರಿನಲ್ಲಿ ಇಳಿಸಿದಾಗ ಅಂಗೈ ಮಸುಕಾಗಿ ಕಂಡರೆ ಹಸಿರು ಹದದಲ್ಲಿದೆಯೆಂದು ತಿಳಿಯಬಹುದು. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಮರೆಯಾದರೆ ಅದು ಎಚ್ಚರಿಕೆ. ಹಗಲಲ್ಲಿ ಆಮ್ಲಜನಕವನ್ನು ಕೊಡುವ ಪಾಚಿ, ಇರುಳಲ್ಲಿ ಅದನ್ನೇ ಉಸಿರಾಡುತ್ತದೆ. ಆದ್ದರಿಂದಲೇ ಪಾಚಿ ದಟ್ಟವಾದ ಕೊಳದಲ್ಲಿ ನಸುಕಿನ ವೇಳೆಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಇಂಥ ಹೊತ್ತಿನಲ್ಲಿ ಮೈಲುತುತ್ತ ಸುರಿದರೆ ಪಾಚಿ ಒಮ್ಮೆಗೇ ಸತ್ತು ಕೊಳೆಯುತ್ತದೆ. ಉಳಿದ ಆಮ್ಲಜನಕವನ್ನು ಆ ಕೊಳೆತವೇ ನುಂಗುತ್ತದೆ. ಮೈಲುತುತ್ತದ ತಾಮ್ರವೂ ಮೀನಿಗೆ ವಿಷವೇ. ನೀರು ತಿಳಿಯಾಗುತ್ತದೆ, ಮೀನು ಮಾತ್ರ ಉಳಿಯುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲು ಸಗಣಿಯನ್ನು ನಿಲ್ಲಿಸಬೇಕು. ಮೀನು ತಿಂದು ಮುಗಿಸುವಷ್ಟೇ ತೌಡು, ಹಿಂಡಿ ಹಾಕಬೇಕು. ದಾರದಂತೆ ಹೆಣೆದುಕೊಂಡ ಪಾಚಿಯನ್ನು ಕೋಲಿಗೆ ಸುತ್ತಿ ಎಳೆದು ತೆಗೆದು, ಮತ್ತೆ ಮಳೆಗೆ ಕೊಳಕ್ಕೆ ಜಾರದಂತೆ ದೂರದ ತಿಪ್ಪೆಗೆ ಹಾಕಬೇಕು. ತಳದ ಕೆಸರುನೀರನ್ನು ಅಷ್ಟಿಷ್ಟಾಗಿ ಹೊರಹಾಕಿ ಹೊಸನೀರು ತುಂಬಬೇಕು. ಆ ಹಳೆಯ ನೀರು ಹಿತ್ತಲ ಗಿಡಗಳಿಗೆ ಒಳ್ಳೆಯ ಗೊಬ್ಬರ. ಗದ್ದೆಯ ಬಸಿನೀರು ಒಳನುಗ್ಗದಂತೆ ಸುತ್ತಲೂ ಬದು ಕಟ್ಟಬೇಕು. ಮೀನುಗಳು ಬಾಯಿ ಬಿಡುತ್ತಿದ್ದರೆ ಮೇಲಿನಿಂದ ನೀರು ಚಿಮ್ಮಿಸುವುದೇ ತಕ್ಷಣದ ಚಿಕಿತ್ಸೆ.

ಮೀನುಗಳಲ್ಲಿಯೂ ನಮಗೆ ಸಹಾಯಕರಿದ್ದಾರೆ. 1959ರಲ್ಲಿ ಭಾರತಕ್ಕೆ ಬಂದ ಬೆಳ್ಳಿಗೆಂಡೆ ತೇಲುಪಾಚಿಯನ್ನು ಸೋಸಿ ತಿನ್ನುತ್ತದೆ. ಅದೇ ವರ್ಷ ಬಂದ ಹುಲ್ಲುಗೆಂಡೆ ಜಲಸಸ್ಯಗಳನ್ನೂ ದಾರಪಾಚಿಯನ್ನೂ ಮೇಯುತ್ತದೆ. ಆದರೆ ಹುಲ್ಲುಗೆಂಡೆ ತಿಂದದ್ದರ ಬಹುಪಾಲು ಮಲವಾಗಿ ನೀರಿಗೇ ಮರಳಿ ಮತ್ತೆ ತೇಲುಪಾಚಿಗೆ ಉಣಿಸಾಗುತ್ತದೆ. ಹೊರಗಿನಿಂದ ಬರುವ ಸಾರವನ್ನು ತಡೆಯದ ಹೊರತು ಮೀನೊಂದರಿಂದಲೇ ಕೆಲಸವಾಗದು.

ಕೊಳದ ಹಸಿರು ನಾವು ನೀರಿಗೆ ಸುರಿದುದರ ಲೆಕ್ಕಪತ್ರ. ಲೆಕ್ಕವನ್ನು ಅಳಿಸಲು ಹೊರಡುವುದಕ್ಕಿಂತ ಖರ್ಚನ್ನು ತಗ್ಗಿಸುವುದು ಜಾಣತನ. ಹದವರಿತ ಹಸಿರನ್ನು ಉಳಿಸಿಕೊಂಡವನ ಕೊಳದಲ್ಲಿ ಮೀನೂ ಉಳಿಯುತ್ತದೆ.