ವಿಜ್ಜಡವಿಡದ ಗಣಿತಜ್ಞ ಮತ್ತು ಅರವತ್ತೊಂದರ ಲೆಕ್ಕ

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯನ್ನು ಆ ಸೀಮೆಯ ಜನ ಭಾಸ್ಕರಾಚಾರ್ಯರ ಊರೆಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಈ ನಂಬಿಕೆಯ ಬೇರು ಇರುವುದು ಭಾಸ್ಕರರು ತಮ್ಮ ‘ಸಿದ್ಧಾಂತಶಿರೋಮಣಿ’ಯ ಗೋಲಾಧ್ಯಾಯದ ಕೊನೆಯಲ್ಲಿ ತಮ್ಮ ಬಗ್ಗೆಯೇ ಬರೆದಿಟ್ಟ ಕೆಲವು ಶ್ಲೋಕಗಳಲ್ಲಿ. ತಾವು ಶಾಂಡಿಲ್ಯ ಗೋತ್ರದವರೆಂದೂ, ತಂದೆ ಮಹೇಶ್ವರರೇ ತಮಗೆ ಗುರುವೆಂದೂ, ತಮ್ಮ ಊರು ಸಹ್ಯಪರ್ವತವನ್ನು ಆಶ್ರಯಿಸಿದ ವಿಜ್ಜಡವಿಡವೆಂದೂ, ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಹುಟ್ಟಿ ಮೂವತ್ತಾರನೆಯ ವಯಸ್ಸಿನಲ್ಲಿ ಈ ಗ್ರಂಥವನ್ನು ಪೂರೈಸಿದ್ದಾಗಿಯೂ ಅವರು ಅಲ್ಲಿ ತಿಳಿಸಿದ್ದಾರೆ. ಹಸ್ತಪ್ರತಿಗಳಲ್ಲಿ ಈ ಊರಿನ ಹೆಸರಿಗೆ ಪಾಠಾಂತರಗಳಿವೆ. ಅದನ್ನು ವಿಜಯಪುರವೆಂದು ಓದಿದವರೂ ಬಿಜ್ಜರಗಿಯೆಂದು ಗುರುತಿಸಿದವರೂ ಇದ್ದಾರೆ. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಚಾಳಿಸಗಾಂವ್ ಬಳಿಯ ಪಾಟಣವೇ ಆ ಸ್ಥಳವೆಂದು ವಾದಿಸುವವರಿಗೆ ಅಲ್ಲಿ ದೊರೆತ ಒಂದು ಶಿಲಾಶಾಸನವೂ ಊರಿಗೆ ಒತ್ತಿಕೊಂಡಿರುವ ಬೆಟ್ಟಸಾಲೂ ಬಲವಾದ ಆಸರೆಯಾಗಿವೆ. ವಿಜಯಪುರದ ಬಯಲಿನಿಂದ ಸಹ್ಯಾದ್ರಿ ದೂರವೆಂಬ ಆಕ್ಷೇಪವನ್ನು ಕನ್ನಡಿಗರು ತಳ್ಳಿಹಾಕುವಂತಿಲ್ಲವಾದರೂ, ಹೆಸರಿನ ಹೋಲಿಕೆಯನ್ನು ಎದುರು ಪಕ್ಷದವರು ಸುಲಭವಾಗಿ ವಿವರಿಸಲಾರರು ಎಂಬುದೂ ಅಷ್ಟೇ ನಿಜ.

ಭಾಸ್ಕರರು ಉಜ್ಜಯಿನಿಯ ವೇಧಶಾಲೆಯ ಮುಖ್ಯಸ್ಥರಾಗಿದ್ದರೆಂದು ಪಠ್ಯಪುಸ್ತಕಗಳು ಹೇಳುವುದುಂಟು, ಆದರೆ ಅವರ ಶ್ಲೋಕಗಳಾಗಲಿ ಪಾಟಣದ ಶಾಸನವಾಗಲಿ ಆ ಮಾತನ್ನು ಹೇಳುವುದಿಲ್ಲ. ಲೀಲಾವತಿ ಅವರ ಮಗಳೆಂಬ, ನೀರ್ಗಡಿಯಾರದ ಬಟ್ಟಲಿಗೆ ಮುತ್ತು ಬಿದ್ದು ಅವಳ ಮದುವೆಯ ಮುಹೂರ್ತ ತಪ್ಪಿತೆಂಬ ಕಥೆಯೂ ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದ ಮೂಲಕ ಪ್ರಚಾರಕ್ಕೆ ಬಂದದ್ದು. ಇವೆಲ್ಲವನ್ನೂ ಬದಿಗಿಟ್ಟ ಮೇಲೆ ಉಳಿಯುವುದು ಒಬ್ಬ ಅಧ್ಯಾಪಕನ ಚಿತ್ರ, ಮತ್ತು ಆ ಚಿತ್ರ ಕಥೆಗಿಂತ ದೊಡ್ಡದು.

1150ರಲ್ಲಿ ಮುಗಿದ ‘ಸಿದ್ಧಾಂತಶಿರೋಮಣಿ’ಗೆ ನಾಲ್ಕು ಭಾಗಗಳಿವೆ: ಅಂಕಗಣಿತ ಮತ್ತು ಕ್ಷೇತ್ರಗಣಿತದ ‘ಲೀಲಾವತಿ’, ಅವ್ಯಕ್ತ ರಾಶಿಗಳ ಗಣಿತವಾದ ‘ಬೀಜಗಣಿತ’, ಗ್ರಹಗಳ ಸ್ಥಾನವನ್ನು ಲೆಕ್ಕಹಾಕುವ ‘ಗ್ರಹಗಣಿತ’ ಮತ್ತು ಗೋಳದ ತತ್ತ್ವವನ್ನು ಹೇಳುವ ‘ಗೋಲಾಧ್ಯಾಯ’. ಸೂತ್ರಪ್ರಾಯವಾದ ಪದ್ಯಗಳನ್ನು ಹೊಸೆದು ಸುಮ್ಮನಾಗದೆ, ಯಾವ ವಿಧಾನ ಏಕೆ ಸರಿ ಎಂಬುದನ್ನು ವಿದ್ಯಾರ್ಥಿಗೆ ಮನಗಾಣಿಸಲು ಅವರು ‘ವಾಸನಾಭಾಷ್ಯ’ವೆಂಬ ವಿವರಣೆಯನ್ನು ತಾವೇ ಬರೆದರು, ವಾಸನೆಯೆಂದರೆ ಇಲ್ಲಿ ಉಪಪತ್ತಿ, ಕಾರಣದ ನಿರೂಪಣೆ. ಒಂಬತ್ತು ಮೊಳ ಎತ್ತರದ ಕಂಬದ ಮೇಲೆ ಕುಳಿತ ನವಿಲು, ಇಪ್ಪತ್ತೇಳು ಮೊಳ ದೂರದಿಂದ ಕಂಬದ ಬುಡದ ಬಿಲಕ್ಕೆ ಧಾವಿಸುವ ಹಾವಿನ ಮೇಲೆ ಎರಗುತ್ತದೆ, ಎರಡೂ ಸಮದೂರ ಚಲಿಸಿದರೆ ಬಿಲದಿಂದ ಎಷ್ಟು ದೂರದಲ್ಲಿ ಸಂಧಿಸುತ್ತವೆ ಎಂಬ ‘ಲೀಲಾವತಿ’ಯ ಲೆಕ್ಕಕ್ಕೆ ಹನ್ನೆರಡು ಮೊಳವೆಂಬ ಉತ್ತರ ಹೊಳೆಯುವಾಗ ಲಂಬಕೋನ ತ್ರಿಭುಜದ ನಿಯಮವೂ ವಿದ್ಯಾರ್ಥಿಯ ಮನಸ್ಸಿನಲ್ಲಿ ನೆಲೆಗೊಂಡಿರುತ್ತದೆ.

ಅವರ ಪ್ರತಿಭೆಯ ಶಿಖರವೆಂದು ಹೇಳಬಹುದಾದದ್ದು ‘ಬೀಜಗಣಿತ’ದ ವರ್ಗಪ್ರಕೃತಿ ಭಾಗದಲ್ಲಿದೆ. ಒಂದು ಪೂರ್ಣಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದಾಗ ಬರುವ ಮೊತ್ತವೂ ಪೂರ್ಣವರ್ಗವೇ ಆಗಬೇಕು, ಹಾಗಾದರೆ ಆ ಸಂಖ್ಯೆ ಯಾವುದು ಎಂಬುದು ಪ್ರಶ್ನೆ. ಒಂದೊಂದೇ ಸಂಖ್ಯೆಯನ್ನು ಹಾಕಿ ನೋಡುತ್ತ ಹೋದರೆ ಆಯುಷ್ಯ ಸಾಲದು. ಭಾಸ್ಕರರು 1ರಿಂದ ಆರಂಭಿಸುತ್ತಾರೆ: ಒಂದರ ವರ್ಗವನ್ನು 61ರಿಂದ ಗುಣಿಸಿ 3 ಕೂಡಿಸಿದರೆ 64, ಅಂದರೆ 8ರ ವರ್ಗ. ಇಲ್ಲಿ 1 ಕನಿಷ್ಠ ಮೂಲ, 8 ಜ್ಯೇಷ್ಠ ಮೂಲ, ಕೂಡಿಸಿದ 3 ಕ್ಷೇಪ. ಇನ್ನು ಕ್ಷೇಪವನ್ನು 3ರಿಂದ 1ಕ್ಕೆ ತರಬೇಕು. 8ಕ್ಕೆ ಕೂಡಿಸಿದಾಗ 3ರಿಂದ ನಿಶ್ಶೇಷವಾಗಿ ಭಾಗವಾಗುವ, ತನ್ನ ವರ್ಗ 61ರ ಹತ್ತಿರವಿರುವ ಸಂಖ್ಯೆ 7. ಅದನ್ನು ಆರಿಸಿದರೆ ಮೂಲಗಳು 5 ಮತ್ತು 39 ಆಗಿ, ಕ್ಷೇಪ ಋಣ 4ಕ್ಕೆ ಬಂದು ನಿಲ್ಲುತ್ತದೆ: 5ರ ವರ್ಗದ 61 ಮಡಿ 1525, 39ರ ವರ್ಗ 1521. ಬಂದ ಫಲವನ್ನೇ ಮತ್ತೆ ಮೊದಲಿಗೆ ಹಾಕಿ ಚಕ್ರದಂತೆ ಸುತ್ತಿಸುವುದರಿಂದ ಈ ವಿಧಾನಕ್ಕೆ ಚಕ್ರವಾಲವೆಂಬ ಹೆಸರು. ಮುಂದೆ ಎರಡು ಪರಿಹಾರಗಳನ್ನು ಬೆಸೆದು ಮೂರನೆಯದನ್ನು ಪಡೆಯುವ ಬ್ರಹ್ಮಗುಪ್ತನ ಭಾವನಾ ವಿಧಿಯನ್ನು ಪ್ರಯೋಗಿಸಿದಾಗ 3805 ಮತ್ತು 29718 ಎಂಬ ಜೋಡಿ ಋಣ 1ರ ಕ್ಷೇಪದೊಡನೆ ದೊರೆಯುತ್ತದೆ. ಆ ಜೋಡಿಯನ್ನು ಅದರೊಂದಿಗೇ ಬೆಸೆದರೆ ಕೊನೆಯ ಉತ್ತರ: ಕನಿಷ್ಠ ಮೂಲ 22,61,53,980, ಜ್ಯೇಷ್ಠ ಮೂಲ 176,63,19,049. ಇದಕ್ಕಿಂತ ಚಿಕ್ಕ ಧನಪೂರ್ಣಾಂಕ ಉತ್ತರ ಈ ಪ್ರಶ್ನೆಗಿಲ್ಲ. ಚಕ್ರವಾಲದ ಮೊದಲ ಶೋಧಕರು ಭಾಸ್ಕರರಲ್ಲ, ಅವರಿಗಿಂತ ಮೊದಲೇ ಜಯದೇವನೆಂಬ ಗಣಿತಜ್ಞ ಅದನ್ನು ನಿರೂಪಿಸಿದ್ದ. ಆದರೆ ಅದನ್ನು ಯಾರೂ ಕಲಿಯಬಹುದಾದ ಪಾಠವನ್ನಾಗಿ ಮಾಡಿದ ಶ್ರೇಯಸ್ಸು ಭಾಸ್ಕರರದು.

ಐದು ಶತಮಾನಗಳ ನಂತರ, 1657ರಲ್ಲಿ, ಫ್ರಾನ್ಸಿನ ತುಲೂಜ್ ನಗರದ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ ಗಣಿತಜ್ಞ ಪಿಯೆರ್ ದ ಫರ್ಮಾ ಇದೇ ಬಗೆಯ ಪ್ರಶ್ನೆಯನ್ನು ಯೂರೋಪಿನ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟರು. ತಮ್ಮ ದೇಶದವರೇ ಆದ ಫ್ರೆನಿಕ್ಲ್‌ಗೆ ಬರೆದ ಪತ್ರದಲ್ಲಿ ಅವರು ಉದಾಹರಣೆಗೆ ಆರಿಸಿದ ಸಂಖ್ಯೆಗಳಲ್ಲಿ ಒಂದು ಇದೇ 61. ಭಾಸ್ಕರರ ಗ್ರಂಥದ ಸುಳಿವು ಅವರಿಗೆ ಇತ್ತೆನ್ನಲು ಯಾವ ಆಧಾರವೂ ಇಲ್ಲ. ನೂರಕ್ಕಿಂತ ಕೆಳಗಿನ ಸಂಖ್ಯೆಗಳಲ್ಲಿ ಅತಿ ದೊಡ್ಡ ಉತ್ತರವನ್ನು ಬೇಡುವುದು 61 ಆಗಿರುವುದರಿಂದ ಇಬ್ಬರ ಕಣ್ಣೂ ಅದರ ಮೇಲೆ ಬಿದ್ದಿರಬಹುದು. ಇಂಗ್ಲೆಂಡಿನ ಬ್ರೌಂಕರ್ ಒಂದು ವಿಧಾನವನ್ನು ಕಂಡುಕೊಂಡರೂ, ಗುಣಿಸುವ ಸಂಖ್ಯೆ ಪೂರ್ಣವರ್ಗವಲ್ಲದಿದ್ದರೆ ಇಂಥ ಸಮೀಕರಣಕ್ಕೆ ಸದಾ ಉತ್ತರವಿದ್ದೇ ಇರುತ್ತದೆಂಬ ಸಾಧನೆಯನ್ನು ಪ್ರಕಟಿಸಿದವರು ಹದಿನೆಂಟನೆಯ ಶತಮಾನದ ಲಗ್ರಾಂಜ್. ಆಯ್ಲರ್ ತಪ್ಪು ತಿಳಿದು ಇದಕ್ಕೆ ಪೆಲ್ ಎಂಬ ಇಂಗ್ಲಿಷ್ ಗಣಿತಜ್ಞನ ಹೆಸರನ್ನು ಹಚ್ಚಿದ್ದರಿಂದ ಇಂದಿಗೂ ಇದು ಪೆಲ್ ಸಮೀಕರಣವೇ. ಕೋಲ್‌ಬ್ರೂಕ್ 1817ರಲ್ಲಿ ‘ಲೀಲಾವತಿ’ ಮತ್ತು ‘ಬೀಜಗಣಿತ’ಗಳನ್ನು ಸಂಸ್ಕೃತದಿಂದ ಇಂಗ್ಲಿಷಿಗೆ ತಂದಾಗ ಯೂರೋಪಿನ ಓದುಗರಿಗೆ ಹಳೆಯ ಉತ್ತರ ಕಣ್ಣಿಗೆ ಬಿತ್ತು. ಫರ್ಮಾ ತಮ್ಮ ವಿಧಾನಗಳನ್ನು ಬಹುಮಟ್ಟಿಗೆ ಪತ್ರಗಳಲ್ಲಿ ಸೂಚಿಸಿ ಬಿಟ್ಟರು; ಭಾಸ್ಕರರು ತಮ್ಮದನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿಟ್ಟರು.

ಅರವತ್ತೊಂಬತ್ತರ ವಯಸ್ಸಿನಲ್ಲಿ, 1183ರಲ್ಲಿ, ಪಂಚಾಂಗ ಕಟ್ಟುವವರಿಗೆ ಒದಗುವ ‘ಕರಣಕುತೂಹಲ’ವನ್ನು ಅವರು ರಚಿಸಿದರು. ಪಾಟಣದ ಶಾಸನವು ತ್ರಿವಿಕ್ರಮನಿಂದ ಮೊದಲ್ಗೊಂಡು ಈ ಮನೆತನದ ಪೀಳಿಗೆಗಳನ್ನು ಹೆಸರಿಸುತ್ತದೆ: ಭಾಸ್ಕರರ ಮಗ ಲಕ್ಷ್ಮೀಧರನನ್ನು ಯಾದವ ದೊರೆ ಜೈತ್ರಪಾಲ ಕರೆಸಿಕೊಂಡು ವಿದ್ವಾಂಸರ ಮುಂದಾಳನ್ನಾಗಿ ಮಾಡಿದ, ಮೊಮ್ಮಗ ಚಾಂಗದೇವ ಸಿಂಘಣನ ಆಸ್ಥಾನದ ಪ್ರಧಾನ ಜ್ಯೋತಿಷಿಯಾದ. ತನ್ನ ಅಜ್ಜನ ಗ್ರಂಥಗಳನ್ನೂ ಮನೆತನದ ಇತರರು ಬರೆದವನ್ನೂ ಪಾಠ ಹೇಳಿಕೊಡಲು ಚಾಂಗದೇವ ಒಂದು ಮಠವನ್ನು ಕಟ್ಟಿಸಿದ. ಶಕ 1128ರ, ಅಂದರೆ ಕ್ರಿ.ಶ. 1207ರ ಶ್ರಾವಣ ಹುಣ್ಣಿಮೆಯ ಚಂದ್ರಗ್ರಹಣದ ಸಮಯದಲ್ಲಿ ನಿಕುಂಭ ವಂಶದ ಸೋಯಿದೇವ ಆ ಮಠಕ್ಕೆ ದತ್ತಿ ಬಿಟ್ಟ. ಸಂಸ್ಕೃತದಲ್ಲಿ ಆರಂಭವಾಗುವ ಶಾಸನ ಇಲ್ಲಿಗೆ ಬಂದಾಗ ಪೇಟೆಯ ಜನರಾಡುವ ಹಳೆಯ ಮರಾಠಿಗೆ ಇಳಿಯುತ್ತದೆ: ಸಂತೆಯ ಕೊಡುಕೊಳ್ಳುವಿಕೆಯಲ್ಲಿ ಒಂದು ಪಾಲು, ಗಾಣಗಳಿಂದ ಅಳೆದು ಕೊಡಬೇಕಾದ ಎಣ್ಣೆ, ಎಲ್ಲವೂ ಗಣಿತ ಕಲಿಸುವ ಆ ಮಠಕ್ಕೆ.