ತಾತ, ಅದು ಬರೀ ಗಿಡ ತಾನೆ?

ಎರಡು ವಾರದ ಹಿಂದೆ ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದೆ. ಪಿಯುಸಿ ಓದುವ ಮೊಮ್ಮಗ ಬಂದು, "ತಾತ, ಗಾಂಜಾ ಅಂದ್ರೆ ಬರೀ ಗಿಡ ತಾನೆ? ಕೆನಡಾದಲ್ಲಿ ಅಂಗಡೀಲೇ ಮಾರ್ತಾರಂತೆ" ಎಂದ. ಎದೆ ಧಸಕ್ಕೆಂದಿತು. "ಯಾರೋ ಇದನ್ನೆಲ್ಲ ಹೇಳಿಕೊಟ್ಟೋರು?" ಎಂದು ಗದರಿಬಿಟ್ಟೆ. ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಲೆಕ್ಕ ತಾಳೆಯಾಗದಿದ್ದಾಗ ಗದರಿ ಫಲವಿಲ್ಲ, ಮೊದಲಿಂದ ಕೂಡಬೇಕು. ಸಂಜೆ ಬಾಗಿಲು ತಟ್ಟಿ, "ತಪ್ಪಾಯ್ತು ಕಣೋ. ಬಾ, ನಿನ್ನ ಮಾತನ್ನೇ ಒಂದೊಂದಾಗಿ ನೋಡೋಣ" ಎಂದೆ.

ಗಿಡ, ನಿಜ. ಉಮ್ಮತ್ತಿಯೂ ಗಿಡವೇ, ತಿಂದರೆ ವಿಷ. ಗಾಂಜಾದಲ್ಲಿರುವ ಟಿಎಚ್‌ಸಿ ಎಂಬ ವಸ್ತು ಮೆದುಳಿನ ಮೇಲೆ ಕೆಲಸ ಮಾಡುತ್ತದೆ. ಮೆದುಳಾದರೋ ಸುಮಾರು 25 ವರ್ಷದವರೆಗೂ ಬೆಳೆಯುತ್ತಿರುತ್ತದೆ. ಎಳೆಯ ವಯಸ್ಸಿನಲ್ಲಿ ಮತ್ತೆ ಮತ್ತೆ ಸೇದಿದರೆ ನೆನಪು, ಗಮನ ಕುಂದಬಹುದು. ಕೆಲವರಿಗೆ ಮಾನಸಿಕ ಕಾಯಿಲೆಯ ಅಪಾಯವೂ ಹೆಚ್ಚು.

ಕೆನಡಾದ ಮಾತೂ ನಿಜ. 2018ರ ಅಕ್ಟೋಬರ್ 17ರಿಂದ ಅಲ್ಲಿ ಅನುಮತಿಯಿದೆ, ಆದರೆ ದೊಡ್ಡವರಿಗೆ ಮಾತ್ರ. ಬಹುತೇಕ ಪ್ರಾಂತ್ಯಗಳಲ್ಲಿ 19 ತುಂಬಿರಬೇಕು, ಕ್ವಿಬೆಕ್‌ನಲ್ಲಿ 21. ಹದಿನೆಂಟು ತುಂಬದವರಿಗೆ ಕೊಟ್ಟರೆ 14 ವರ್ಷದವರೆಗೂ ಜೈಲಾಗಬಹುದು! ಮೊಮ್ಮಗ ಕಣ್ಣರಳಿಸಿದ.

"ಮತ್ತೆ ಜಾತ್ರೇಲಿ ಬೈರಾಗಿಗಳು ಚಿಲುಮೆ ಸೇದ್ತಾರಲ್ಲ?"

ಸೇದುವುದನ್ನು ನಾನೂ ಚಿಕ್ಕಂದಿನಿಂದ ಕಂಡಿದ್ದೇನೆ. ಆದರೆ ನಮ್ಮ ಮಾದಕವಸ್ತು ಕಾಯಿದೆ 1985ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ಜಾರಿಗೆ ಬಂತು. ಸ್ವಲ್ಪವೇ ಗಾಂಜಾ ಸಿಕ್ಕರೂ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅವನು ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಮೇಲೆ, "ನಂಗಲ್ಲ ತಾತ. ನನ್ನ ಫ್ರೆಂಡ್‌ಗೆ. ಬಿಡಬೇಕು ಅಂತಾನೆ, ಆಗ್ತಿಲ್ಲ. ಅಪ್ಪಂಗೆ ಗೊತ್ತಾದ್ರೆ ಮನೆಯಿಂದ ಓಡಿಸ್ತಾರಂತೆ, ಆಸ್ಪತ್ರೆಗೆ ಹೋದ್ರೆ ಪೊಲೀಸರು ಹಿಡೀತಾರಂತೆ" ಎಂದ.

ಆಗ ಅದೇ ಕಾಯಿದೆಯ ಇನ್ನೊಂದು ಪುಟ ಹೇಳಿದೆ. 64ಎ ಕಲಮಿನ ಪ್ರಕಾರ, ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ಕೂಡ, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತಾನಾಗಿಯೇ ಚಿಕಿತ್ಸೆಗೆ ಒಪ್ಪಿ ಪೂರ್ತಿ ಮುಗಿಸಿದರೆ ಮೊಕದ್ದಮೆಯಿಂದ ಪಾರಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. 14446ಕ್ಕೆ ಫೋನ್ ಮಾಡಿದರೆ ಪುಕ್ಕಟೆ ಸಲಹೆ ಸಿಗುತ್ತದೆ.

ಮೊನ್ನೆ ಆ ಹುಡುಗ ನಮ್ಮ ಮನೆಗೆ ಬಂದಿದ್ದ. ನಮ್ಮಾಕೆ ಕೊಟ್ಟ ಅವಲಕ್ಕಿ ತಿಂದು, ನಮ್ಮ ಫೋನಿನಿಂದಲೇ ಆ ನಂಬರಿಗೆ ಮಾತಾಡಿದ. ನಾಳೆ ಅವನ ಜೊತೆ ಅವರ ಮನೆಗೆ ಹೋಗಿ ತಂದೆಯ ಮುಂದೆ ಕೂರುವವನಿದ್ದೇನೆ. ಅವರು ಏನೆನ್ನುತ್ತಾರೋ ಗೊತ್ತಿಲ್ಲ, ಹುಡುಗ ಒಬ್ಬನೇ ಹೋಗಬಾರದು, ಅಷ್ಟೆ.

ಅಜ್ಜ ಅಜ್ಜಿಯಂದಿರೇ, ಮಕ್ಕಳು ಇಂಥ ಪ್ರಶ್ನೆ ತಂದಾಗ ನನ್ನ ಹಾಗೆ ಮೊದಲೇ ಗದರಬೇಡಿ. ಮಕ್ಕಳೇ, ನಾವು ಗದರಿದರೂ ಇನ್ನೊಮ್ಮೆ ಕೇಳಿ.