ಹುಲಿಕೆರೆ ಕಲ್ಯಾಣಿ: ನೆಲದಡಿಯ ಹೊಯ್ಸಳ ವೈಭವ

ಹಳೇಬೀಡಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ದೇವಾಲಯ ನೋಡಿ, ಅದರ ಮುಂದಿನ ಹುಲ್ಲುಹಾಸಿನಲ್ಲಿ ಫೋಟೊ ತೆಗೆಸಿಕೊಂಡು, ಬೇಲೂರಿನ ಬಸ್ಸು ಹತ್ತುತ್ತಾರೆ. ಅಲ್ಲಿಗೆ ಹತ್ತಿರದಲ್ಲೇ ಇರುವ ಹುಲಿಕೆರೆಯ ಕಲ್ಯಾಣಿಯತ್ತ ಕಾಲಿಡುವವರು ಬಹಳ ಕಡಿಮೆ.

ಗೋಪುರವಾದರೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಕಲ್ಯಾಣಿ ಹಾಗಲ್ಲ, ಅಂಚಿಗೆ ಹೋಗಿ ಬಗ್ಗಿ ನೋಡಿದಾಗಷ್ಟೇ ಅದರ ಸೊಬಗು ತೆರೆದುಕೊಳ್ಳುತ್ತದೆ. ಹಂತಹಂತವಾಗಿ ಕಿರಿದಾಗುತ್ತ ನೀರಿಗಿಳಿಯುವ ಕಲ್ಲಿನ ಕಟ್ಟು, ಇಳಿಯಲು ಮೆಟ್ಟಿಲು, ಗೋಡೆಯಲ್ಲಿ ಗೂಡುಗಳು. ಎಲ್ಲಕ್ಕಿಂತ ಮನಸೆಳೆಯುವುದು ಸುತ್ತಲೂ ಸಾಲಾಗಿ ನಿಂತ, ಶಿಖರವಿರುವ ಪುಟ್ಟ ಗುಡಿಗಳು. ನೀರು ತುಂಬುವ ಜಾಗಕ್ಕೂ ದೇವಾಲಯದಷ್ಟೇ ಶ್ರದ್ಧೆಯಿಂದ ಉಳಿ ಹಿಡಿದವರು ನಮ್ಮ ಶಿಲ್ಪಿಗಳು.

ಇದು ಬರೀ ಅಲಂಕಾರವಲ್ಲ. ಗೋಡೆಯನ್ನು ನೆಟ್ಟಗೆ ಎಬ್ಬಿಸದೆ ಹಂತಗಳಲ್ಲಿ ಹಿಂದಕ್ಕೆ ಸರಿಸಿದ್ದರಿಂದ ಸುತ್ತಣ ಮಣ್ಣಿನ ಒತ್ತಡ ಒಂದೇ ಕಡೆ ಬೀಳುವುದಿಲ್ಲ. ಬೇಸಿಗೆಯಲ್ಲಿ ನೀರು ತಗ್ಗಿದಂತೆಲ್ಲ ಕೊಡ ಹಿಡಿದವರು ಮತ್ತೊಂದು ಮೆಟ್ಟಿಲು ಇಳಿದರಾಯಿತು.

ಕಲ್ಯಾಣಿ 12ನೇ ಶತಮಾನದ್ದು. ಹಳೇಬೀಡು ಆಗ ದೋರಸಮುದ್ರವೆಂಬ ಹೊಯ್ಸಳ ರಾಜಧಾನಿ. ದೊರೆ ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ ಹೊಯ್ಸಳೇಶ್ವರ ದೇವಾಲಯದ ಕೆಲಸ ನಡೆದಿತ್ತು. 1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫರ್‌ನ ಸೈನ್ಯ ಈ ಊರಿನ ಮೇಲೆರಗಿತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ನಾವು ಹೋದಾಗ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಕಲ್ಯಾಣಿಯ ಬಗ್ಗೆ ಕೇಳಿದರೆ ಅವರ ಮಾತು ಹರಿದದ್ದು ಮಳೆ ಬೆಳೆಗಳ ಕಡೆಗೆ. ಕೆರೆ ತುಂಬಿದರೆ ಬಾವಿಯಲ್ಲೂ ನೀರು, ಕೆರೆ ಬತ್ತಿದರೆ ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ಬರೀ ದೂಳು ಎನ್ನುವುದು ಅವರ ಅಳಲು. ಆ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಯಗಚಿ ನದಿಯ ನೀರನ್ನು ಹಳೇಬೀಡಿನ ದ್ವಾರಸಮುದ್ರ ಕೆರೆಗೆ ಹರಿಸುವ ರಣಘಟ್ಟ ಯೋಜನೆಗಾಗಿ ಈ ಸೀಮೆಯ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ಎಂಟುನೂರು ವರ್ಷದ ಹಿಂದೆ ಹನಿ ನೀರಿಗೂ ಕಲ್ಲಿನ ಮನೆ ಕಟ್ಟಿದ ನಾಡು ಇದು ಎಂದು ನೆನೆದರೆ ಸಂಕಟವಾಗುತ್ತದೆ.

ನಾವು ಹೋದ ದಿನ ಕಲ್ಯಾಣಿಯ ನೀರು ಹಸಿರುಗಟ್ಟಿತ್ತು. ಕಲ್ಲಿನ ಸಂದುಗಳಲ್ಲಿ ಗಿಡ ಬೇರು ಬಿಟ್ಟಿದ್ದವು. ಹೀಗೇ ಬೆಳೆಯಲು ಬಿಟ್ಟರೆ ಆ ಬೇರುಗಳೇ ಕಲ್ಲುಗಳನ್ನು ಸಡಿಲಿಸುತ್ತವೆ. ದೇವಾಲಯದ ಹುಲ್ಲುಹಾಸಿಗೆ ಸಿಗುವ ಆರೈಕೆಯ ಒಂದು ಪಾಲು ಇಲ್ಲಿಗೂ ಬರಬೇಕು. ಕಾಲಕಾಲಕ್ಕೆ ಹೂಳೆತ್ತಬೇಕು, ಬೇರು ಕೀಳಿಸಬೇಕು, ಹಳೇಬೀಡಿನ ದೇವಾಲಯದ ಮುಂದೆಯೇ ದಾರಿ ತೋರುವ ಫಲಕ ಹಾಕಬೇಕು. ಹಳೇಬೀಡಿಗೆ ಹೋಗುವವರು ಹುಲಿಕೆರೆಗೂ ಒಂದು ಗಂಟೆ ಮೀಸಲಿಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.